ಒಮ್ಮೆ ಬರುವ, ಒಮ್ಮೆ ಬಾರದ ಕೀಚಲು: ಹಳೇ ಕಾರಿನ ಸದ್ದಿನ ಮೂಲ ಹುಡುಕುವುದು ಹೇಗೆ?

ದಿನಾ ಬೆಳಿಗ್ಗೆ ಕಾರು ಕಿರುಚುತ್ತದೆ. ಅಕ್ಕಪಕ್ಕದವರು ಕಿಟಕಿಯಿಂದ ಇಣುಕಿ ನೋಡುವಷ್ಟು. ಅದೇ ಕಾರನ್ನು ಗ್ಯಾರೇಜಿಗೆ ತಗೊಂಡು ಹೋಗಿ ನಿಲ್ಲಿಸಿದರೆ, ಏನೂ ಗೊತ್ತೇ ಇಲ್ಲದ ಮಗುವಿನ ಹಾಗೆ ತೆಪ್ಪಗಿರುತ್ತದೆ. ಮೆಕ್ಯಾನಿಕ್ ಬಾನೆಟ್ ಎತ್ತುತ್ತಾರೆ, ಎರಡು ಸಲ ರೇಸ್ ಮಾಡುತ್ತಾರೆ, "ಬೆಲ್ಟ್ ಇರಬೇಕು, ಹೊಸದು ಹಾಕಿಬಿಡೋಣ" ಅನ್ನುತ್ತಾರೆ. ಹಾಕಿಸಿಕೊಂಡು ಬರುತ್ತೀವಿ. ಮೂರು ವಾರ ಕಳೆದ ಮೇಲೆ ಮತ್ತೆ ಅದೇ ರಾಗ.

ನನ್ನ ಹಳೇ ಕಾರಿಗೆ ಹೀಗೆ ಎರಡು ಬೆಲ್ಟ್ ದಂಡವಾದವು. ಆ ಕಥೆ ಆಮೇಲೆ ಹೇಳ್ತೀನಿ. ಅದರಿಂದ ನಾನು ಕಲಿತದ್ದು ಇಷ್ಟೇ: ಬಂದು ಹೋಗುವ ಸದ್ದನ್ನು ಹುಡುಕಲು ಮೊದಲು ಬೇಕಾದದ್ದು ಪಾನಾ ಅಲ್ಲ, ಪೆನ್ನು. ಸದ್ದು ಯಾವಾಗ ಬರುತ್ತೆ, ಯಾವಾಗ ಬರಲ್ಲ ಅನ್ನೋದು ಗೊತ್ತಾದರೆ ಎಲ್ಲಿಂದ ಬರುತ್ತೆ ಅನ್ನೋದು ಮುಕ್ಕಾಲು ಪಾಲು ಗೊತ್ತಾದಂತೆ.

ಈ ಸದ್ದು ಯಾಕೆ ಬಂದು ಬಂದು ಹೋಗುತ್ತೆ?

ಒದ್ದೆ ಬೆರಳಲ್ಲಿ ಕನ್ನಡಿ ಉಜ್ಜಿ ನೋಡಿ. ಕೀಂ ಅನ್ನುತ್ತದೆ. ಬೆರಳು ಒಂದೇ ಸಮನೆ ಜಾರುತ್ತಿಲ್ಲ. ಅಂಟಿ, ಜಾರಿ, ಮತ್ತೆ ಅಂಟಿ, ಮತ್ತೆ ಜಾರುತ್ತಿದೆ. ಸೆಕೆಂಡಿಗೆ ನೂರಾರು, ಸಾವಿರಾರು ಸಲ ಹೀಗಾದಾಗ ಆ ನಡುಕವೇ ನಮ್ಮ ಕಿವಿಗೆ ಕೀಚಲು. ಪುಲ್ಲಿಯ (ಬೆಲ್ಟ್ ಸುತ್ತುವ ಗಾಲಿ) ಮೇಲಿನ ಬೆಲ್ಟು, ಡಿಸ್ಕಿನ ಮೇಲಿನ ಬ್ರೇಕ್ ಪ್ಯಾಡು, ಗ್ರೀಸ್ ಒಣಗಿದ ಬೇರಿಂಗು, ಎಲ್ಲದರಲ್ಲೂ ಹೆಚ್ಚುಕಡಿಮೆ ಇದೇ ಕಥೆ.

ಆದರೆ ಅದೇ ಬೆರಳು ಪೂರ್ತಿ ಒಣಗಿದ್ದರೆ ಸದ್ದಿಲ್ಲ. ಎಣ್ಣೆ ಹಚ್ಚಿದರೂ ಇಲ್ಲ. ಒತ್ತಡ ಸ್ವಲ್ಪ ಹೆಚ್ಚುಕಮ್ಮಿಯಾದರೂ ನಿಂತುಹೋಗುತ್ತದೆ. ಕಾರಿನಲ್ಲೂ ಹಾಗೆಯೇ. ಬೆಳಗಿನ ತೇವ, ಇಂಜಿನ್ನಿನ ಬಿಸಿ, ಎ.ಸಿ. ಹಾಕಿದಾಗ ಬೀಳುವ ಭಾರ, ಇವುಗಳಲ್ಲಿ ಒಂದು ಬದಲಾದರೂ ಸದ್ದು ಮಾಯ. ಹಾಗಾಗಿ ಕಾರು ನಾಟಕ ಮಾಡ್ತಿಲ್ಲ. ಗ್ಯಾರೇಜ್ ತಲುಪುವ ಹೊತ್ತಿಗೆ ಅದು ಬಿಸಿಯಾಗಿ, ಒಣಗಿರುತ್ತದೆ, ಅಷ್ಟೇ.

ಮೊದಲ ಹೆಜ್ಜೆ: ಒಂದು ವಾರ ಬರೆದಿಡಿ

ಒಂದು ಚಿಕ್ಕ ಪುಸ್ತಕ ಕಾರಲ್ಲಿಡಿ. ಸದ್ದು ಬಂದಾಗಲೆಲ್ಲ ಒಂದು ಸಾಲು. ಇಂಜಿನ್ ತಣ್ಣಗಿತ್ತಾ, ಬಿಸಿಯಿತ್ತಾ? ಮಳೆ, ಇಬ್ಬನಿ ಇತ್ತಾ? ಕಾರು ನಿಂತಿತ್ತಾ, ಓಡುತ್ತಿತ್ತಾ? ಬ್ರೇಕ್, ಕ್ಲಚ್ ಒತ್ತಿದ್ದಿರಾ? ಸ್ಟೇರಿಂಗ್ ಯಾವ ಕಡೆ ತಿರುಗಿತ್ತು? ಎ.ಸಿ., ಹೆಡ್‌ಲೈಟ್, ಬ್ಲೋವರ್ ಯಾವುದು ಆನ್ ಇತ್ತು? ಎಷ್ಟು ಹೊತ್ತು ಬಂತು? ಓಡಿಸುತ್ತಾ ಬರೆಯಬೇಡಿ. ಪಕ್ಕದಲ್ಲಿ ಯಾರಾದರೂ ಇದ್ದರೆ ಅವರಿಗೆ ಹೇಳಿ, ಇಲ್ಲಾಂದ್ರೆ ನಿಲ್ಲಿಸಿದ ಮೇಲೆ ಬರೆಯಿರಿ.

ಸದ್ದು ಬಾರದ ದಿನವನ್ನೂ ಬರೆಯಿರಿ. ಇದನ್ನೇ ಜನ ಬಿಟ್ಟುಬಿಡುತ್ತಾರೆ. "ಇವತ್ತು ತಣ್ಣಗಿತ್ತು, ಮಳೆಯೂ ಬಂದಿತ್ತು, ಆದರೂ ಸದ್ದಿಲ್ಲ" ಅನ್ನುವ ಒಂದು ಸಾಲು ಎಷ್ಟೋ ಊಹೆಗಳನ್ನು ಒಂದೇ ಏಟಿಗೆ ಹೊಡೆದುಹಾಕುತ್ತದೆ.

ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಮೆಕ್ಯಾನಿಕ್ ಮುಂದೆ "ಕುಯ್ ಅನ್ನುತ್ತೆ, ಅಲ್ಲ, ಕಿರ್ ಅನ್ನುತ್ತೆ" ಅಂತ ಬಾಯಲ್ಲಿ ಸದ್ದು ಮಾಡಿ ತೋರಿಸುವ ಫಜೀತಿ ತಪ್ಪುತ್ತದೆ. ಯಾವ ಬಗೆಯ ಸದ್ದು ಅನ್ನೋದೂ ಮುಖ್ಯ. ಉದ್ದಕ್ಕೆ ಎಳೆಯುವ ಕೀಚಲು ಬೇರೆ, ಹಕ್ಕಿಯ ಹಾಗೆ ಚಿವ್ ಚಿವ್ ಅನ್ನೋದು ಬೇರೆ, ಗುಂಯ್ ಅನ್ನೋದು ಬೇರೆ, ಲೋಹಕ್ಕೆ ಲೋಹ ತಾಗಿದ ಕರಕರ ಬೇರೆ.

ಎರಡನೇ ಹೆಜ್ಜೆ: ಇಂಜಿನ್ನಾ, ಚಕ್ರಾನಾ?

ಕಾರು ನಿಲ್ಲಿಸಿ. ಹ್ಯಾಂಡ್‌ಬ್ರೇಕ್ ಹಾಕಿ, ನ್ಯೂಟ್ರಲ್‌ಗೆ ತನ್ನಿ. ಮೆಲ್ಲಗೆ ರೇಸ್ ಮಾಡಿ. ನಿಂತಲ್ಲೇ ಸದ್ದು ಬಂದು, ರೇಸ್ ಜೊತೆ ಏರಿಳಿದರೆ ಅದು ಇಂಜಿನ್ ಕಡೆಯದು: ಬೆಲ್ಟು, ಪುಲ್ಲಿ, ಆಲ್ಟರ್ನೇಟರ್ (ಬ್ಯಾಟರಿಗೆ ಚಾರ್ಜ್ ತುಂಬುವ ಯಂತ್ರ), ವಾಟರ್ ಪಂಪ್. ಓಡುವಾಗ ಮಾತ್ರ ಬಂದರೆ ಬಹುಮಟ್ಟಿಗೆ ಚಕ್ರದ ಕಡೆಯದು: ಬ್ರೇಕು, ಬೇರಿಂಗು.

ಅನುಮಾನ ಉಳಿದರೆ ಖಾಲಿ ರಸ್ತೆಯಲ್ಲಿ ಇನ್ನೊಂದು ಪರೀಕ್ಷೆ ಇದೆ. 40 ಕಿ.ಮೀ. ವೇಗದಲ್ಲಿ ಮೂರನೇ ಗೇರಿನಲ್ಲಿ ಹೋಗಿ, ಅದೇ ವೇಗದಲ್ಲಿ ನಾಲ್ಕನೇ ಗೇರಿಗೆ ಹಾಕಿ. ಚಕ್ರದ ವೇಗ ಬದಲಾಗಿಲ್ಲ, ಇಂಜಿನ್ನಿನದು ಇಳಿದಿದೆ. ಸದ್ದೂ ಇಳಿದರೆ ಇಂಜಿನ್, ಹಾಗೇ ಇದ್ದರೆ ಚಕ್ರ. ಓಡುವ ಕಾರಿನ ಇಂಜಿನ್ ಆಫ್ ಮಾಡಿ ಕೇಳುವ ಸಾಹಸ ಮಾತ್ರ ಬೇಡ. ಬ್ರೇಕ್ ಕಲ್ಲಾಗುತ್ತದೆ, ಸ್ಟೇರಿಂಗ್ ಲಾಕ್ ಆಗಲೂಬಹುದು.

ಯಾವ ಬದಿಯ ಚಕ್ರ ಅಂತ ತಿಳಿಯಲು ಉದ್ದನೆಯ ಗೋಡೆ ಇರುವ ಕಡೆ ಹೋಗಿ. ಆ ಕಡೆಯ ಕಿಟಕಿ ಇಳಿಸಿ, ಗೋಡೆ ಪಕ್ಕದಲ್ಲೇ ನಿಧಾನ ಓಡಿಸಿ. ಸದ್ದು ಗೋಡೆಗೆ ಬಡಿದು ವಾಪಸ್ ಬರುತ್ತದೆ. ಆಮೇಲೆ ಎದುರು ದಿಕ್ಕಿನಲ್ಲಿ ಬಂದು, ಇನ್ನೊಂದು ಬದಿ ಗೋಡೆಗೆ ಬರುವಂತೆ ಮಾಡಿ. ಯಾವಾಗ ಜೋರಾಗಿ ಕೇಳಿತೋ ಆ ಬದಿ.

ಬಾನೆಟ್ ಎತ್ತುವ ಮೊದಲು

ತೋಳು ಮಡಿಸಿ. ಶಾಲು, ಸರ, ಸಡಿಲ ಕೂದಲು ಬೆಲ್ಟಿನ ಹತ್ತಿರ ಬರಬಾರದು. ರೇಡಿಯೇಟರ್ ಫ್ಯಾನ್ ಕೆಲವು ಕಾರುಗಳಲ್ಲಿ ಇಂಜಿನ್ ಆಫ್ ಇದ್ದಾಗಲೂ ತಾನಾಗೇ ತಿರುಗುತ್ತದೆ. ಬೆಲ್ಟಿನ ಮೇಲೆ ಕೈಯಿಡುವ ಕೆಲಸವೆಲ್ಲ ಇಂಜಿನ್ ಆಫ್ ಮಾಡಿ, ಕೀಲಿ ಜೇಬಿಗೆ ಹಾಕಿಕೊಂಡ ಮೇಲೆ. ಚಕ್ರ ಬಿಚ್ಚುವುದಾದರೆ ಸಮತಟ್ಟಾದ ಜಾಗ, ಜೊತೆಗೆ ಜಾಕ್ ಸ್ಟ್ಯಾಂಡ್. ಬರೀ ಜಾಕ್ ನಂಬಿ ಕಾರಿನ ಕೆಳಗೆ ತಲೆ ಹಾಕಬೇಡಿ.

ಮೂರನೇ ಹೆಜ್ಜೆ: ಬೆಲ್ಟನ್ನು ವಿಚಾರಿಸಿಕೊಳ್ಳಿ

ಬೆಳಿಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ಕಿರುಚಿ, ಅರ್ಧ ನಿಮಿಷಕ್ಕೆ ನಿಲ್ಲುವ ಸದ್ದಾದರೆ ಮೊದಲ ಅನುಮಾನ ಬೆಲ್ಟಿನ ಮೇಲೆಯೇ. ಸ್ಟಾರ್ಟರ್ ಆಗಷ್ಟೇ ಬ್ಯಾಟರಿಯಿಂದ ಕರೆಂಟ್ ಹೀರಿದೆ. ಅದನ್ನು ತುಂಬಲು ಆಲ್ಟರ್ನೇಟರ್ ಜಾಸ್ತಿ ದುಡಿಯಬೇಕು. ಆ ಭಾರ ಬೆಲ್ಟಿನ ಮೇಲೆ ಬೀಳುತ್ತದೆ, ತಣ್ಣಗಿನ ಗಡುಸು ರಬ್ಬರ್ ಜಾರುತ್ತದೆ.

ಇಲ್ಲೊಂದು ಸೂಕ್ಷ್ಮ ಇದೆ. ಬ್ಯಾಟರಿಯೇ ಮುದಿಯಾಗಿದ್ದರೆ ಆಲ್ಟರ್ನೇಟರ್ ದಿನಾ ಹೆಚ್ಚು ಹೊತ್ತು ದುಡಿಯುತ್ತದೆ, ಬೆಲ್ಟ್ ಹೆಚ್ಚು ಹೊತ್ತು ಕಿರುಚುತ್ತದೆ. ಬೈಗುಳ ಬೆಲ್ಟಿಗೆ, ತಪ್ಪು ಬ್ಯಾಟರಿಯದು. ಮಲ್ಟಿಮೀಟರ್ ಇದ್ದರೆ ರಾತ್ರಿಯೆಲ್ಲ ನಿಂತ ಕಾರಿನ ಬ್ಯಾಟರಿ ನೋಡಿ. ಪೂರ್ತಿ ಚಾರ್ಜ್ ಇದ್ದರೆ ಸುಮಾರು 12.6 ವೋಲ್ಟ್ ತೋರಿಸುತ್ತದೆ. 12.2 ಅಂದರೆ ಅರ್ಧಕ್ಕೆ ಇಳಿದಿದೆ ಅಂತ. ಇಂಜಿನ್ ಓಡುವಾಗ ಹಳೇ ಕಾರುಗಳಲ್ಲಿ ಸಾಮಾನ್ಯವಾಗಿ 13.5ರಿಂದ 14.5ರ ಒಳಗೆ ಇರಬೇಕು.

ಬೆಲ್ಟನ್ನೇ ನೋಡುವಾಗ ಟಾರ್ಚ್ ಹಿಡಿದು ಒಳಮೈ ನೋಡಿ. ಹಳೇ ನಿಯೋಪ್ರಿನ್ ರಬ್ಬರಿನ ಬೆಲ್ಟ್ ಸವೆದರೆ ಅಡ್ಡಡ್ಡ ಬಿರುಕು ಬಿಡುತ್ತದೆ. ಈಗ ಹೆಚ್ಚಾಗಿ ಸಿಗುವ ಇ.ಪಿ.ಡಿ.ಎಂ. ರಬ್ಬರಿನದು ಅಷ್ಟು ಸುಲಭವಾಗಿ ಬಿರುಕು ಬಿಡಲ್ಲ. ಅದರ ಏಣುಗಳು ಟೈರಿನ ಹಾಗೆ ಸವೆದು, ನಡುವಿನ ತೋಡು ಅಗಲವಾಗುತ್ತದೆ. ಹಾಗಾಗಿ "ಬಿರುಕಿಲ್ಲ, ಬೆಲ್ಟ್ ಚೆನ್ನಾಗಿದೆ" ಅನ್ನುವ ತೀರ್ಪು ಈಗ ನಡೆಯಲ್ಲ. ಬದಿಗಳು ಗಾಜಿನಂತೆ ಹೊಳೆಯುತ್ತಿದ್ದರೆ, ಅಂಚಿನಲ್ಲಿ ನೂಲು ಎದ್ದಿದ್ದರೆ ಬದಲಾಯಿಸಿ.

ಆಮೇಲೆ ನೀರಿನ ಪರೀಕ್ಷೆ. ಸ್ಪ್ರೇ ಬಾಟಲಿಯಲ್ಲಿ ಬರೀ ನೀರು ತುಂಬಿಕೊಳ್ಳಿ. ಇಂಜಿನ್ ಐಡ್ಲಿಂಗ್‌ನಲ್ಲಿ ಸದ್ದು ಮಾಡುತ್ತಿರುವಾಗ, ದೂರದಿಂದಲೇ, ಬೆಲ್ಟಿನ ಏಣಿರುವ ಮೈಗೆ ಒಂದೇ ಒಂದು ಸಲ ಚಿಮುಕಿಸಿ. ಸದ್ದು ಇನ್ನೂ ಜೋರಾದರೆ ಬೆಲ್ಟ್ ಜಾರುತ್ತಿದೆ: ಬಿಗಿ ಸಾಲದು, ಇಲ್ಲವೇ ಬೆಲ್ಟನ್ನು ಬಿಗಿಯಾಗಿ ಹಿಡಿದಿಡುವ ಟೆನ್ಷನರಿನ ಸ್ಪ್ರಿಂಗ್ ಸೋತಿದೆ. ಸದ್ದು ಗಪ್ಪನೆ ನಿಂತು, ಕೆಲವು ಸೆಕೆಂಡಿನಲ್ಲಿ ನೀರು ಆರಿದ ಮೇಲೆ ಚಿವ್ ಚಿವ್ ಅಂತ ಮರಳಿದರೆ ಯಾವುದೋ ಪುಲ್ಲಿ ನೇರಕ್ಕಿಲ್ಲ. ಕಣ್ಣಿಗೆ ಅಷ್ಟೇನೂ ಕಾಣದ ಓರೆಯೂ ಸಾಕು. ನೇರವಾದ ಉಕ್ಕಿನ ಪಟ್ಟಿಯನ್ನು ಎರಡು ಪುಲ್ಲಿಗಳ ಮುಖಕ್ಕೆ ಆನಿಸಿ ನೋಡಿದರೆ ಗೊತ್ತಾಗುತ್ತದೆ. ಹಿಂದೆ ಯಾರೋ ಆಲ್ಟರ್ನೇಟರ್ ಬಿಚ್ಚಿ ಹಾಕುವಾಗ ವಾಷರ್ ಬಿಟ್ಟಿದ್ದರೂ ಹೀಗಾಗುತ್ತದೆ. ನೀರು ಚಿಮುಕಿಸಿದರೂ ಸದ್ದು ಬದಲಾಗಲೇ ಇಲ್ಲವಾ? ಹಾಗಾದರೆ ಬೆಲ್ಟನ್ನು ಬಿಟ್ಟುಬಿಡಿ, ಬೇರಿಂಗ್ ಕಡೆ ಹೋಗಿ.

ಕೈಯಲ್ಲಿ ಬಿಗಿ ಮಾಡುವ ವಿ-ಬೆಲ್ಟ್ ಆದರೆ ಎರಡು ಪುಲ್ಲಿಗಳ ನಡುವಿನ ಉದ್ದನೆಯ ಭಾಗವನ್ನು ಹೆಬ್ಬೆರಳಿನಿಂದ ಒತ್ತಿ. ಸಾಮಾನ್ಯವಾಗಿ 10ರಿಂದ 15 ಮಿ.ಮೀ. ತಗ್ಗಬೇಕು, ನಿಮ್ಮ ಕಾರಿನ ಮ್ಯಾನುಯಲ್ ಬೇರೆ ಅಳತೆ ಹೇಳಿದ್ದರೆ ಅದೇ ಸರಿ. ಸದ್ದು ನಿಲ್ಲಲಿ ಅಂತ ಸಿಕ್ಕಾಪಟ್ಟೆ ಬಿಗಿ ಮಾಡಬೇಡಿ. ಆ ಎಳೆತ ಆಲ್ಟರ್ನೇಟರ್ ಮತ್ತು ವಾಟರ್ ಪಂಪಿನ ಬೇರಿಂಗನ್ನು ತಿನ್ನುತ್ತದೆ. ಬೆಲ್ಟಿಗೆ ಹೊಡೆಯುವ ಅಂಟು ಸ್ಪ್ರೇಗಳ ಬಗ್ಗೆಯೂ ನನಗೆ ಒಳ್ಳೆ ಮಾತಿಲ್ಲ. ಎರಡು ದಿನ ಸದ್ದು ಅಡಗಿಸಿ, ಮೂರನೇ ದಿನಕ್ಕೆ ಧೂಳು ಹಿಡಿಸಿ ಕೂರುತ್ತವೆ.

ಈಗ ನನ್ನ ಕಥೆ. ಎರಡನೇ ಬೆಲ್ಟೂ ಕಿರುಚಲು ಶುರುಮಾಡಿದಾಗ ನಾನು ಪುಸ್ತಕ ಹಿಡಿದೆ. ಹತ್ತು ದಿನದಲ್ಲಿ ಒಂದು ವಿಷಯ ಎದ್ದು ಕಂಡಿತು. ಮಳೆಗೂ ಸದ್ದಿಗೂ ಸಂಬಂಧವೇ ಇರಲಿಲ್ಲ. ರಾತ್ರಿಯೆಲ್ಲ ನಿಂತಿದ್ದರೆ ಮಾತ್ರ ಬರುತ್ತಿತ್ತು. ಹಗಲು ಎರಡು ಮೂರು ಗಂಟೆ ನಿಂತು ಹೊರಟರೆ ಇಲ್ಲ. ಅಂದರೆ ರಾತ್ರಿ ಏನೋ ನಡೆಯುತ್ತಿದೆ. ಬೆಳಗಿನ ಜಾವ, ಸ್ಟಾರ್ಟ್ ಮಾಡುವ ಮೊದಲೇ, ಟಾರ್ಚ್ ಹಿಡಿದು ಬಗ್ಗಿದೆ. ರೇಡಿಯೇಟರಿನ ಮೇಲಿನ ಹೋಸ್ ಇಂಜಿನ್ನಿಗೆ ಸೇರುವ ಕಡೆ, ಕ್ಲಾಂಪಿನ ಕೆಳಗೆ, ಉಪ್ಪು ಕಟ್ಟಿದಂಥ ಬಿಳಿ ಗೆರೆ. ಅದರ ತುದಿಯಲ್ಲಿ ಕಡ್ಲೆಕಾಳಿನಷ್ಟು ಒಂದು ಹಸಿರು ಹನಿ. ಅದರ ಕೆಳಗೆ ಸರಿಯಾಗಿ ಬೆಲ್ಟು. ಮುಟ್ಟಿ ಮೂಸಿದರೆ ಸಿಹಿ ವಾಸನೆ. ಇಂಜಿನ್ ತಣಿಸುವ ಕೂಲೆಂಟ್!

ತಣ್ಣಗಾದಾಗ ಎಲ್ಲ ಕುಗ್ಗಿ ಆ ಜಾಯಿಂಟ್ ಸಡಿಲವಾಗುತ್ತಿತ್ತು, ಬಿಸಿಯಾದ ಮೇಲೆ ಹಿಗ್ಗಿ ಬಿಗಿಯಾಗುತ್ತಿತ್ತು. ಗ್ಯಾರೇಜಿನಲ್ಲಿ ನೋಡುವ ಹೊತ್ತಿಗೆ ಹನಿಯೂ ಇಲ್ಲ, ಸದ್ದೂ ಇಲ್ಲ. ಹೊಸ ಬೆಲ್ಟ್ ಕೆಲವು ವಾರ ತಡೆದುಕೊಂಡು, ಆಮೇಲೆ ಅದೂ ಕೂಲೆಂಟ್ ಕುಡಿದು ಕಿರುಚುತ್ತಿತ್ತು. ಒಂದು ಕ್ಲಾಂಪ್ ಬದಲಾಯಿಸಿ, ಪುಲ್ಲಿಗಳನ್ನು ಒರೆಸಿ, ಮೂರನೇ ಬೆಲ್ಟ್ ಹಾಕಿದೆ. ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯ್ತು, ನಿಜ. ಆದರೆ ಇಲಿ ಸಿಕ್ಕಿತಲ್ಲ.

ಹಾಗಾಗಿ ಬೆಲ್ಟ್ ಬದಲಾಯಿಸುವ ಮೊದಲು ಅದರ ಮೇಲೆ ಏನು ಬೀಳುತ್ತಿದೆ ಅಂತ ನೋಡಿ. ಆಯಿಲ್ ಆಗಲಿ ಕೂಲೆಂಟ್ ಆಗಲಿ, ಸೋರಿಕೆ ನಿಲ್ಲಿಸದೆ ಹೊಸ ಬೆಲ್ಟ್ ಹಾಕಿದರೆ ದುಡ್ಡು ನೀರಿಗೆ ಹಾಕಿದಂತೆ. ನೆಲಕ್ಕೆ ಬಿದ್ದ ಕೂಲೆಂಟನ್ನು ತೊಳೆದುಬಿಡಿ. ಸಿಹಿಯೆಂದು ನಾಯಿ, ಬೆಕ್ಕು ನೆಕ್ಕುತ್ತವೆ, ಅದು ವಿಷ.

ನಾಲ್ಕನೇ ಹೆಜ್ಜೆ: ಪುಲ್ಲಿ, ಬೇರಿಂಗ್

ಇಂಜಿನ್ ತಣ್ಣಗಿರುವಾಗ ಬೆಲ್ಟ್ ಬಿಚ್ಚಿ. ಬಿಚ್ಚುವ ಮೊದಲು ಅದು ಯಾವ ಪುಲ್ಲಿಯ ಮೇಲೆ, ಯಾವುದರ ಕೆಳಗೆ ಹೋಗಿದೆ ಅಂತ ಫೋಟೋ ತೆಗೆದುಕೊಳ್ಳಿ. ಇಲ್ಲಾಂದ್ರೆ ವಾಪಸ್ ಹಾಕುವಾಗ ತಲೆ ಕೆರೆದುಕೊಳ್ಳಬೇಕಾಗುತ್ತೆ. ಈಗ ಆಲ್ಟರ್ನೇಟರ್, ಐಡ್ಲರ್ (ಬೆಲ್ಟಿಗೆ ದಾರಿ ತೋರಿಸಲೆಂದಷ್ಟೇ ಇರುವ ಪುಲ್ಲಿ), ಟೆನ್ಷನರ್, ವಾಟರ್ ಪಂಪ್ ಪುಲ್ಲಿಗಳನ್ನು ಒಂದೊಂದಾಗಿ ಕೈಯಲ್ಲಿ ತಿರುಗಿಸಿ. ನುಣ್ಣಗೆ, ಸದ್ದಿಲ್ಲದೆ ತಿರುಗಬೇಕು. ಬೆರಳಿಗೆ ಮರಳು ತಾಗಿದಂತಾದರೆ, ಅಥವಾ ಚಿಕ್ಕ ಐಡ್ಲರ್ ಪುಲ್ಲಿ ಬುಗುರಿಯ ಹಾಗೆ ಬಹಳ ಹೊತ್ತು ಗರಗರ ತಿರುಗಿದರೆ, ಒಳಗಿನ ಗ್ರೀಸ್ ಹೋಗಿದೆ. ಹಿಡಿದು ಅಲ್ಲಾಡಿಸಿ. ಲೊಟಪಟ ಅನ್ನಬಾರದು. ವಾಟರ್ ಪಂಪಿನ ಕೆಳಗೆ ಒಂದು ಚಿಕ್ಕ ತೂತಿರುತ್ತದೆ. ಅಲ್ಲಿಂದ ಒಣಗಿದ ಕೂಲೆಂಟ್ ಗೆರೆ ಇಳಿದಿದ್ದರೆ ಪಂಪಿನ ಆಯಸ್ಸು ಮುಗಿಯುತ್ತಾ ಬಂದಿದೆ.

ಬೆಲ್ಟ್ ಇಲ್ಲದೆ ಇಂಜಿನ್ನನ್ನು ಕೆಲವೇ ಸೆಕೆಂಡು ಓಡಿಸಿ ಕೇಳಬಹುದು. ಹೆಚ್ಚು ಹೊತ್ತು ಬೇಡ, ವಾಟರ್ ಪಂಪ್ ತಿರುಗುತ್ತಿರುವುದಿಲ್ಲ. ಆಗಲೂ ಅದೇ ಸದ್ದು ಬಂದರೆ ಮೂಲ ಈ ಬೆಲ್ಟಿನ ದಾರಿಯಲ್ಲಿಲ್ಲ. ಕವರಿನ ಒಳಗಿರುವ ಟೈಮಿಂಗ್ ಬೆಲ್ಟಿನ ಟೆನ್ಷನರ್ ಇರಬಹುದು. ಅದನ್ನು ಮನೆಯಲ್ಲಿ ಮುಟ್ಟಬೇಡಿ. ಹಲ್ಲು ತಪ್ಪಿ ಕೂತರೆ ಎಷ್ಟೋ ಇಂಜಿನ್‌ಗಳಲ್ಲಿ ವಾಲ್ವಿಗೆ ಏಟು ಬೀಳಬಹುದು.

ಬೆಲ್ಟ್ ಬಿಚ್ಚುವ ಧೈರ್ಯವಿಲ್ಲದಿದ್ದರೆ ಗಿಡಕ್ಕೆ ನೀರು ಬಿಡುವ ಪೈಪಿನ ಒಂದು ಉದ್ದ ತುಂಡು ತಗೊಳ್ಳಿ. ಒಂದು ತುದಿ ಕಿವಿಗೆ, ಇನ್ನೊಂದು ತುದಿ ಅನುಮಾನ ಇರುವ ಭಾಗದ ಹತ್ತಿರ, ಬೆಲ್ಟು ಮತ್ತು ಫ್ಯಾನಿನಿಂದ ದೂರ ಇಟ್ಟುಕೊಂಡು. ಡಾಕ್ಟರ ಸ್ಟೆತಸ್ಕೋಪಿನಷ್ಟೇ ಚೆನ್ನಾಗಿ ಹೇಳುತ್ತದೆ.

ಐದನೇ ಹೆಜ್ಜೆ: ಬ್ರೇಕು

ಮಳೆ ಬಂದ ಮಾರನೇ ದಿನ ಮೊದಲ ಮೂರು ನಾಲ್ಕು ಬ್ರೇಕಿಗೆ ಸದ್ದು ಬಂದು ಹೋದರೆ ಚಿಂತೆ ಬೇಡ. ಡಿಸ್ಕಿನ ಮೇಲೆ ತೆಳ್ಳಗೆ ತುಕ್ಕು ಕಟ್ಟಿರುತ್ತದೆ, ಪ್ಯಾಡ್ ಅದನ್ನು ಉಜ್ಜಿ ತೆಗೆಯುತ್ತದೆ.

ಚಿಂತೆ ಮಾಡಬೇಕಾದ್ದು ಇದಕ್ಕೆ ತದ್ವಿರುದ್ಧವಾದದ್ದು: ಓಡುವಾಗ ಸಣ್ಣಗೆ ಕೀಂ ಅನ್ನುವುದು, ಬ್ರೇಕ್ ಒತ್ತಿದ ಕೂಡಲೇ ನಿಲ್ಲುವುದು. "ಬ್ರೇಕ್ ಒತ್ತಿದರೆ ನಿಲ್ಲುತ್ತೆ, ಹಾಗಾದ್ರೆ ಬ್ರೇಕಿನದಲ್ಲ" ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಅಲ್ಲ! ಅನೇಕ ಪ್ಯಾಡುಗಳಲ್ಲಿ ಒಂದು ಚಿಕ್ಕ ಲೋಹದ ನಾಲಿಗೆ ಇರುತ್ತದೆ. ಪ್ಯಾಡ್ ಸವೆದು ಸುಮಾರು 2ರಿಂದ 3 ಮಿ.ಮೀ. ಉಳಿದಾಗ ಅದು ಡಿಸ್ಕಿಗೆ ತಾಗಿ ಕಿರುಚಲೆಂದೇ ಇಟ್ಟಿರುವುದು. ಮೊದಮೊದಲು ಆಗೊಮ್ಮೆ ಈಗೊಮ್ಮೆ ತಾಗುತ್ತದೆ, ಅದಕ್ಕೇ ಸದ್ದೂ ಬಂದು ಹೋಗುತ್ತದೆ. ಹೊಸ ಪ್ಯಾಡ್ ಸಾಮಾನ್ಯವಾಗಿ 10ರಿಂದ 12 ಮಿ.ಮೀ. ದಪ್ಪ. 3 ಮಿ.ಮೀ.ಗೆ ಬಂದರೆ ಕಾಯುವುದು ಬೇಡ.

ಚಕ್ರ ಬಿಚ್ಚಿದಾಗ ಒಳಗಿನ ಪ್ಯಾಡನ್ನೂ ನೋಡಿ. ಹೊರಗಿನದು ಕಣ್ಣಿಗೆ ಕಾಣುತ್ತೆ, ದಪ್ಪಗಿರುತ್ತೆ, ಸಮಾಧಾನವಾಗುತ್ತೆ. ಒಳಗಿನದು ಸವೆದು ಹಪ್ಪಳವಾಗಿರುತ್ತದೆ. ಹೀಗೆ ಒಂದು ಬದಿ ಮಾತ್ರ ಸವೆದಿದ್ದರೆ ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಜಾರುವ ಪಿನ್ನುಗಳು ಹೆಚ್ಚಾಗಿ ಹಿಡಿದುಕೊಂಡಿರುತ್ತವೆ. ಅದಕ್ಕೆಂದೇ ಬರುವ, ಬಿಸಿ ತಡೆಯುವ ಗ್ರೀಸ್ ಹಾಕಿ. ಪಿನ್ನಿಗೆ, ಪ್ಯಾಡಿನ ಕಿವಿಗೆ, ಬೆನ್ನಿಗೆ ಮಾತ್ರ. ಪ್ಯಾಡಿನ ಮುಖಕ್ಕಾಗಲಿ ಡಿಸ್ಕಿಗಾಗಲಿ ಒಂದು ಬೊಟ್ಟೂ ತಾಗಬಾರದು. ಬ್ರೇಕ್ ಬಿಡದೆ ಹಿಡಿದುಕೊಂಡಿದೆಯಾ ಅಂತ ತಿಳಿಯಲು, ಓಡಿಸಿ ಬಂದ ಮೇಲೆ ನಾಲ್ಕೂ ಚಕ್ರದ ಹತ್ತಿರ ಅಂಗೈ ತನ್ನಿ, ಮುಟ್ಟಬೇಡಿ. ಒಂದು ಮಾತ್ರ ಒಲೆಯ ಹಾಗೆ ಬಿಸಿ ಹೊಡೆದರೆ ಅದೇ.

ಇದ್ದಕ್ಕಿದ್ದಂತೆ ಎದೆ ಝಲ್ಲೆನ್ನುವ ಹಾಗೆ ಕೀರಲು ಶುರುವಾಯಿತಾ? ಜಲ್ಲಿ ರಸ್ತೆಯಿಂದ ಬಂದಿರಾ? ಡಿಸ್ಕಿಗೂ ಅದರ ಹಿಂದಿನ ತಗಡಿಗೂ ನಡುವೆ ಚಿಕ್ಕ ಕಲ್ಲು ಸಿಕ್ಕಿರಬಹುದು. ಸ್ವಲ್ಪ ದೂರ ರಿವರ್ಸ್ ಹೋದರೆ ಎಷ್ಟೋ ಸಲ ಬಿದ್ದುಹೋಗುತ್ತದೆ.

ಹಿಂದಿನ ಡ್ರಮ್ ಬ್ರೇಕಿನಲ್ಲಿ ಧೂಳು ತುಂಬಿದರೆ, ಬ್ರೇಕ್ ಶೂ (ಡ್ರಮ್ಮಿಗೆ ಒಳಗಿನಿಂದ ಒತ್ತುವ ಪಟ್ಟಿ) ಆನಿಕೊಂಡು ಜಾರುವ ಜಾಗ ಒಣಗಿದರೆ ಸದ್ದು. ತೆರೆದಾಗ ಗಾಳಿ ಹೊಡೆದು ಧೂಳು ಹಾರಿಸಬೇಡಿ. ಹಳೇ ಶೂಗಳಲ್ಲಿ ಆಸ್ಬೆಸ್ಟಾಸ್ ಇರಬಹುದು, ಉಸಿರಿನ ಜೊತೆ ಒಳಗೆ ಹೋದರೆ ಕೆಟ್ಟದ್ದು. ಬ್ರೇಕ್ ಕ್ಲೀನರ್ ಹಾಕಿ ಒದ್ದೆ ಮಾಡಿ ಒರೆಸಿ.

ಉಳಿದ ಅನುಮಾನಗಳು, ಬೇಗ ಬೇಗ

ತಿರುವಿನಲ್ಲಿ ಮಾತ್ರ ಜೋರಾದರೆ ಚಕ್ರದ ಬೇರಿಂಗ್. ಬಲಕ್ಕೆ ತಿರುಗುವಾಗ ಕಾರಿನ ಭಾರ ಎಡಕ್ಕೆ ವಾಲುತ್ತದೆ, ಹಾಗಾಗಿ ಬಲ ತಿರುವಿನಲ್ಲಿ ಹೆಚ್ಚಾದರೆ ಎಡ ಚಕ್ರವನ್ನು ಮೊದಲು ನೋಡಿ. ಇದು ಹೆಚ್ಚಾಗಿ ಗುಂಯ್ ಅನ್ನುತ್ತದೆ, ಗ್ರೀಸ್ ಪೂರ್ತಿ ಒಣಗಿದರೆ ಕೀಚುತ್ತದೆ.

ಕ್ಲಚ್ ಒತ್ತಿದಾಗ ಬಂದು, ಬಿಟ್ಟಾಗ ಹೋದರೆ ರಿಲೀಸ್ ಬೇರಿಂಗ್. ಇದರ ಉಲ್ಟಾ ಆದರೆ ಸಾಮಾನ್ಯವಾಗಿ ಗೇರ್‌ಬಾಕ್ಸಿನ ಇನ್‌ಪುಟ್ ಬೇರಿಂಗ್. ಎರಡಕ್ಕೂ ಗೇರ್‌ಬಾಕ್ಸ್ ಇಳಿಸಬೇಕು, ಹೇಗೂ ಇಳಿಸಿದಾಗ ಕ್ಲಚ್ ಪ್ಲೇಟೂ ನೋಡಿಸಿಬಿಡಿ.

ಸ್ಟೇರಿಂಗನ್ನು ಕೊನೆವರೆಗೆ ತಿರುಗಿಸಿದಾಗ ಕಿರುಚಿದರೆ ಪವರ್ ಸ್ಟೇರಿಂಗ್ ಪಂಪಿನ ಬೆಲ್ಟ್. ಗೊಣಗಿದರೆ ಅದರ ಎಣ್ಣೆ ಕಮ್ಮಿಯಾಗಿದೆ. ಹಂಪಿನಲ್ಲಿ ಮಾತ್ರ ಬಂದರೆ ಸಸ್ಪೆನ್ಷನ್ ಬುಷ್. ಅದಕ್ಕೆ ಸಿಲಿಕೋನ್ ಸ್ಪ್ರೇ ಸಾಕು, ಇಂಜಿನ್ ಆಯಿಲ್ ಬೇಡ, ರಬ್ಬರ್ ಉಬ್ಬುತ್ತದೆ. ಬ್ಲೋವರ್ ಆಫ್ ಮಾಡಿದ ಕೂಡಲೇ ನಿಂತರೆ ಡ್ಯಾಶ್‌ಬೋರ್ಡಿನ ಒಳಗಿನ ಬ್ಲೋವರ್ ಮೋಟಾರ್. ನಗಬೇಡಿ, ಇದನ್ನೇ ಇಂಜಿನ್ ಸದ್ದೆಂದು ತಿಂಗಳುಗಟ್ಟಲೆ ಹುಡುಕಿದವರಿದ್ದಾರೆ.

ಇನ್ನೊಂದು ಮೋಸಗಾರ ಸದ್ದಿದೆ. ಐಡ್ಲಿಂಗ್‌ನಲ್ಲಿ ಸೀಟಿ ಊದಿದಂತೆ ಕಿರುಚುತ್ತದೆ, ಥೇಟ್ ಬೆಲ್ಟಿನಂತೆ. ಇಂಜಿನ್ ಆಯಿಲಿನ ಡಿಪ್‌ಸ್ಟಿಕ್ ಸ್ವಲ್ಪ ಮೇಲೆತ್ತಿ. ಸದ್ದು ತಟ್ಟನೆ ನಿಂತರೆ ಅದು ಗಾಳಿಯ ಸದ್ದು: ಇಂಜಿನ್ ಒಳಗೆ ಸೇರುವ ಹೊಗೆಗಾಳಿಯನ್ನು ಎಳೆದು ತೆಗೆಯುವ ಪಿ.ಸಿ.ವಿ. ವಾಲ್ವಿನ ಒಳಪೊರೆ ಹರಿದಿದೆ, ಅಥವಾ ಯಾವುದೋ ಸೀಲ್ ಗಾಳಿ ಎಳೆಯುತ್ತಿದೆ.

ಇವು ಕಂಡರೆ ಹುಡುಕಾಟ ಬಿಟ್ಟು ಕಾರು ನಿಲ್ಲಿಸಿ

ಸದ್ದಿನ ಜೊತೆ ಬ್ಯಾಟರಿ ದೀಪ ಹತ್ತಿದರೆ ಅಥವಾ ಟೆಂಪರೇಚರ್ ಮುಳ್ಳು ಏರಿದರೆ ಬೆಲ್ಟ್ ಹೋಗಿರಬಹುದು. ಸುಟ್ಟ ರಬ್ಬರ್ ವಾಸನೆ ಬಂದರೆ, ಬ್ರೇಕ್ ಒತ್ತಿದಾಗ ಕಾರು ಒಂದು ಕಡೆಗೆ ಎಳೆದರೆ, ಕೀಚಲು ಹೋಗಿ ಕರಕರ ಶುರುವಾದರೆ, ಮನೆವರೆಗೆ ಹೋಗಿಬಿಡೋಣ ಅನ್ನಬೇಡಿ.

ಮೆಕ್ಯಾನಿಕ್‌ಗೆ ಕೊಡುವಾಗ

"ಸದ್ದು ಬರುತ್ತೆ, ನೋಡಿ" ಅನ್ನಬೇಡಿ. "ರಾತ್ರಿಯೆಲ್ಲ ನಿಂತ ಮೇಲೆ, ಮೊದಲ 20 ಸೆಕೆಂಡ್, ಹೆಡ್‌ಲೈಟ್ ಹಾಕಿದರೆ ಜಾಸ್ತಿ" ಅನ್ನಿ. ರೆಕಾರ್ಡಿಂಗ್ ಕೇಳಿಸಿ. ತಣ್ಣಗಿದ್ದಾಗ ಬರುವ ಸದ್ದಾದರೆ ಕಾರನ್ನು ಹಿಂದಿನ ಸಂಜೆಯೇ ಅಲ್ಲಿ ಬಿಟ್ಟು ಬನ್ನಿ, ಬೆಳಿಗ್ಗೆ ಅವರೇ ಮೊದಲ ಸ್ಟಾರ್ಟ್ ಮಾಡಲಿ. ಬದಲಾಯಿಸಿದ ಹಳೇ ಭಾಗವನ್ನು ಕೇಳಿ ಪಡೆಯಿರಿ. ಬೇರಿಂಗ್ ಹೋಗಿತ್ತು ಅಂದರೆ ಕೈಯಲ್ಲಿ ತಿರುಗಿಸಿ ನೋಡಿದರೆ ಗೊತ್ತಾಗುತ್ತಲ್ವಾ.

ರಿಪೇರಿ ಆದ ದಿನವೇ ಗೆದ್ದೆವು ಅಂದುಕೊಳ್ಳಬೇಡಿ. ಪುಸ್ತಕದಲ್ಲಿ ಸದ್ದು ಬಂದ ದಿನಗಳನ್ನು ನೋಡಿ, ಅದೇ ಪರಿಸ್ಥಿತಿ ಮತ್ತೆ ತನ್ನಿ: ಅದೇ ತಣ್ಣನೆ ಬೆಳಿಗ್ಗೆ, ಅದೇ ಹೆಡ್‌ಲೈಟ್, ಅದೇ ತಿರುವು. ವಾರಕ್ಕೆ ಐದು ಸಲ ಬರುತ್ತಿದ್ದ ಸದ್ದು ಎರಡು ವಾರ ಬಾರದಿದ್ದರೆ ನಂಬಬಹುದು. ತಿಂಗಳಿಗೊಮ್ಮೆ ಬರುತ್ತಿದ್ದದ್ದಾದರೆ ಮೂರು ತಿಂಗಳಾದರೂ ಬರೆಯುತ್ತಿರಿ. ಹೊಸ ವಿ-ಬೆಲ್ಟ್ ಹಾಕಿದ್ದರೆ ಕೆಲವು ದಿನ ಓಡಿದ ಮೇಲೆ ಸ್ವಲ್ಪ ಹಿಗ್ಗುತ್ತದೆ, ಇನ್ನೊಮ್ಮೆ ಬಿಗಿ ನೋಡಬೇಕು. ಚಕ್ರ ಬಿಚ್ಚಿ ಹಾಕಿದ್ದರೆ 80ರಿಂದ 100 ಕಿ.ಮೀ. ಓಡಿಸಿದ ಮೇಲೆ ನಟ್ಟುಗಳಿಗೆ ಮತ್ತೊಂದು ಸಲ ಪಾನಾ ಹಾಕಿ ನೋಡಿ.